ಹೆಕ್ಟೇರ್ ಇಲ್ಲದ ಕೇರಿಯ ಮರಗಳು

ಬೆಂಗಳೂರಿನ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಕಡೆಯಿಂದ ರಾಜೇಂದ್ರ ನಗರದ ಕೊಳಗೇರಿಯೊಳಗೆ ಹೋದರೆ ವ್ಯತ್ಯಾಸ ಮೊದಲು ತಿಳಿಯುವುದು ನೆತ್ತಿಗೆ. ಈಚೆ ರಸ್ತೆಯ ಮೇಲೆ ಮರಗಳು ಚಪ್ಪರ ಹಾಕಿದಂತೆ ನಿಂತಿವೆ. ಆಚೆ ಶೀಟಿನ ಮನೆ, ಅದರ ಮೇಲೆ ಇನ್ನೊಂದು ಶೀಟಿನ ಮನೆ, ನಡುವೆ ಬೈಕು ಬಂದರೆ ಗೋಡೆಗೆ ಆತು ನಿಲ್ಲಬೇಕಾದ ಗಲ್ಲಿ. ನಾನು ಹೋದದ್ದು ಬೇಸಿಗೆಯ ಮಧ್ಯಾಹ್ನ. ಹೆಂಗಸರು ಹೊಸ್ತಿಲ ಹೊರಗೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಕೂರಲು ಆಗುವುದಿಲ್ಲ, ಶೀಟು ಕಾಯುತ್ತದೆ.

ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮರಗಳಿದ್ದ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರು 27.5 ಡಿಗ್ರಿವರೆಗೂ ತಣ್ಣಗಿದ್ದುದನ್ನು ದಾಖಲಿಸಿದೆ. ಮರುವರ್ಷ ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ನಗರದ 44 ಕೊಳಗೇರಿಗಳ ಗಿಡಮರಗಳ ಅಧ್ಯಯನ ಪ್ರಕಟಿಸಿದರು. ಕೊಳಗೇರಿಯಲ್ಲಿ ಹೆಕ್ಟೇರಿಗೆ ಸುಮಾರು 11 ಮರ, ಉಳ್ಳವರ ಬಡಾವಣೆಯಲ್ಲಿ 28. 2024ರ ಏಪ್ರಿಲ್ 28ರಂದು ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ಶೀಟಿನ ಕೆಳಗೆ ಅಂದು ಎಷ್ಟಿತ್ತೆಂದು ಯಾವ ಬುಲೆಟಿನ್ನೂ ಹೇಳಲಿಲ್ಲ.

ಉದ್ಯಾನನಗರಿಯ ಚರಿತ್ರೆ ಗೊತ್ತಿರುವಂಥದ್ದೇ. ತೋಟಗಾರಿಕಾ ತಜ್ಞರಾದ ಕೃಂಬಿಗಲ್, ಜವರಾಯರು ಹಾಕಿಕೊಟ್ಟ ಸಾಲುಮರಗಳ ಪರಂಪರೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳು. ಈ ಚರಿತ್ರೆಯ ನೆರಳು ಕೇರಿಯ ಗಲ್ಲಿಗಳವರೆಗೆ ಬಂದಿಲ್ಲ.

ಹಾಗೆಂದು ಕೇರಿಯಲ್ಲಿ ಮರವೇ ಇಲ್ಲ ಎನ್ನುವಂತಿಲ್ಲ. ಪೇಂಟ್ ಡಬ್ಬದಲ್ಲಿ ತುಳಸಿ, ಒಡೆದ ಬಕೆಟ್ಟಿನಲ್ಲಿ ಕರಿಬೇವು, ನಲ್ಲಿಯ ಪಕ್ಕ ಪಪ್ಪಾಯಿ. ತಿರುವಿನಲ್ಲಿ ಒಂದು ನುಗ್ಗೆಮರ. ಅದರ ಕೊಂಬೆಗೆ ಹಳೆಯ ಸೀರೆ ಕಟ್ಟಿ ಮಗುವನ್ನು ಮಲಗಿಸಿದ್ದರು, ಕಾಂಡಕ್ಕೆ ಹೊಡೆದ ಮೊಳೆಯಲ್ಲಿ ಯಾರದೋ ಟಿಫನ್ ಬ್ಯಾಗು, ಬುಡದಲ್ಲಿ ನೀಲಿ ಡ್ರಮ್ಮುಗಳ ಸಾಲು. ಆ 44 ಕೇರಿಗಳಲ್ಲಿ ಹೆಚ್ಚು ಕಂಡ ಮರವೂ ನುಗ್ಗೆಯೇ. ನೆಟ್ಟವರು ಊಟಕ್ಕೆ ಬೇಕಾದದ್ದನ್ನೇ ನೆಟ್ಟುಕೊಂಡರು, ಯಾವ ಇಲಾಖೆಯ ಕಾಸೂ ಇಲ್ಲದೆ.

ಇಲಾಖೆಯದಲ್ಲದ ಕಾಸು ಒಮ್ಮೆ ಬಂದಿತ್ತು. ಜೂನ್ ಐದರ ಪರಿಸರ ದಿನದ ಹೊತ್ತಿಗೆ ಒಂದು ಕಂಪನಿಯವರು ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಂದು ಮುಖ್ಯ ಗಲ್ಲಿಯಲ್ಲಿ ಸಸಿ ನೆಟ್ಟರಂತೆ. "ಫೋಟೋ ತೆಗ್ದಾಯ್ತು, ಬಿಸ್ಕತ್ ಕೊಟ್ಟಾಯ್ತು, ಹೋದ್ರು" ಎಂದರು ಇಲ್ಲಿನ ಸ್ವಸಹಾಯ ಸಂಘವೊಂದರ ಅಕ್ಕ. ಮನೆಗೆಲಸ ಮುಗಿಸಿ ಆಗಷ್ಟೇ ಬಂದಿದ್ದರು. "ನಮಗೇ ನೀರು ದಿನಾ ಬರಲ್ಲ ಅಣ್ಣ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಹಾಕಿ ಮೂರು ಉಳಿಸ್ಕೊಂಡ್ವಿ. ಮಿಕ್ಕಿದ್ದು ಆಡು ತಿಂತು, ಬಿಸಿಲು ತಿಂತು." ಉಳಿದ ಮೂರರಲ್ಲಿ ಎರಡು ಹೊಂಗೆ. ಕಬ್ಬಿಣದ ಜಾಲರಿಗಳು ಮಾತ್ರ ಪ್ರಾಯೋಜಕರ ಫಲಕ ಹೊತ್ತು ಎಲ್ಲವೂ ನಿಂತಿವೆ, ಹೆಚ್ಚಿನವು ಖಾಲಿ.

ಆ ಜಾಲರಿಗಳನ್ನು ನೋಡಿ ಸಿಟ್ಟಾಗುವ ಇನ್ನೊಬ್ಬರು ರಸ್ತೆ ಬದಿಯಲ್ಲೇ ಇದ್ದರು: ಬಿದಿರು ಸೀಳುತ್ತಿದ್ದ ಮೇದಾರ ಹಿರಿಯರು. ಅವರ ಹತ್ತಿರ ಕೂತವನು ಬೇಗ ಏಳಲಿಲ್ಲ. ಒಂದು ಕಾಲದಲ್ಲಿ ಮಳೆಗಾಲಕ್ಕೆ ಮೊದಲು ಗಿಡಕ್ಕೆ ಕಟ್ಟುವ ತಟ್ಟಿಗಳ ಆರ್ಡರು ಲಾರಿಗಟ್ಟಲೆ ಬರುತ್ತಿತ್ತಂತೆ. ಈಗ ಏಣಿ, ಮೊರ, ಹಬ್ಬಕ್ಕೊಂದಿಷ್ಟು ಬುಟ್ಟಿ. ನಾನು ಕೇಳಿದ್ದಕ್ಕೆ ಒಂದು ತಟ್ಟಿ ಹೆಣೆದೇ ತೋರಿಸಿದರು. ಆರು ದಬ್ಬೆಗಳನ್ನು ದುಂಡಗೆ ನೆಟ್ಟು, ಹಸಿರು ಸಿಪ್ಪೆಯ ಸೀಳುಗಳನ್ನು ಒಳಗೊಂದು ಹೊರಗೊಂದು ತೂರಿಸುತ್ತ ಹೋದರು. ಕೆಳಗೆ ಒಂದು ಗೇಣು ಬಿಟ್ಟರು. ನೀರು ಹಾಕುವವರ ಕೈ ಬುಡಕ್ಕೆ ಹೋಗಬೇಕು, ಕಳೆ ಕೀಳಬೇಕು ಎಂದು. "ನಮ್ಮ ತಟ್ಟಿ ಎರಡು ಮೂರು ವರ್ಷಕ್ಕೆ ಲಡ್ಡಾಗಿ ಬೀಳ್ತದೆ ಸ್ವಾಮಿ. ಅಷ್ಟೊತ್ತಿಗೆ ಗಿಡ ಗಟ್ಟಿಯಾಗಿರ್ತದೆ. ಕಬ್ಬಿಣದ್ದು ಬೀಳಲ್ಲ, ಮರಾನೇ ಕುಯ್ತದೆ." ಎದ್ದು ಬಂದು ತೋರಿಸಿದರು: ಮುಖ್ಯರಸ್ತೆಯ ಹಳೆಯ ಮರವೊಂದರ ತೊಗಟೆಯೊಳಗೆ ಜಾಲರಿಯ ಬಳೆ ಪೂರಾ ಹೂತುಹೋಗಿತ್ತು. ಈ ಕೆಲಸವನ್ನು ಮಗ ಕಲಿಯಲಿಲ್ಲ, ಫುಡ್ ಡೆಲಿವರಿಗೆ ಹೋಗುತ್ತಾನೆ. ಸಸಿಗೆ ದುಡ್ಡು ಕೊಡುವವರು ಇಂಥ ತಟ್ಟಿಗೂ ಕೊಟ್ಟರೆ ಕೇರಿಯ ಹಣ ಕೇರಿಯಲ್ಲೇ ತಿರುಗುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ಹಾಗೆ ನೋಡಿದರೆ ಹಸಿರಿಗೆಂದು ಹಣವೇ ಇಲ್ಲದ ದೇಶವಲ್ಲ ನಮ್ಮದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ, ಕೊಳಗೇರಿ ಅಭಿವೃದ್ಧಿಯೂ ಇದೆ. ಕೇಂದ್ರದ ನಗರವನ ಯೋಜನೆ ಹೆಕ್ಟೇರಿಗೆ 4 ಲಕ್ಷ ರೂಪಾಯಿ ಕೊಡುತ್ತದೆ. ಆದರೆ ಅದರ ಚಿಕ್ಕ ರೂಪವಾದ ನಗರ ವಾಟಿಕೆಗೂ ಕನಿಷ್ಠ ಒಂದು ಹೆಕ್ಟೇರ್ ಜಾಗ ಬೇಕು. ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ಇಲ್ಲಿ ಹೊಸ್ತಿಲಿಗೂ ಚರಂಡಿಗೂ ನಡುವೆ ಇರುವುದು ಮೂರಡಿ, ಅದಕ್ಕೂ ಕಾಂಕ್ರೀಟ್ ಹಾಕಿಯಾಗಿದೆ. ಬಯಲು ಇದ್ದವರಿಗೆ ಇನ್ನಷ್ಟು ಹಸಿರು ಸಿಗುವ ಲೆಕ್ಕ ಇದು. ಕೊಡುವ ಹಣವನ್ನು ಹೆಕ್ಟೇರಿನಲ್ಲಿ ಅಳೆಯದೆ ಬದುಕಿದ ಗಿಡದ ಲೆಕ್ಕದಲ್ಲಿ ಅಳೆಯಲಿ, ನೀರು ಹಾಕಿದವರ ಕೈಗೇ ಕೊಡಲಿ.

ಅಂಥ ದಾರಿ ಇಲ್ಲದಿಲ್ಲ. 2025ರಲ್ಲಿ ಅಮೃತ್ ಯೋಜನೆಯಡಿ ಕೇಂದ್ರ ಸರ್ಕಾರ ಆರಂಭಿಸಿದ 'ವಿಮೆನ್ ಫಾರ್ ಟ್ರೀಸ್' ಅಭಿಯಾನ, ಗಿಡ ನೆಟ್ಟು ಬೆಳೆಸುವ ಕೆಲಸವನ್ನು ಸ್ವಸಹಾಯ ಸಂಘದ ಮಹಿಳೆಯರಿಗೇ ವಹಿಸುತ್ತದೆ. ಸಂಘದ ಅಕ್ಕನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಕೂಲಿ ಎಷ್ಟು ಎಂದಲ್ಲ, ಎಷ್ಟು ವರ್ಷ ಎಂದು. ಸರಿಯಾದ ಪ್ರಶ್ನೆ.

ಸಂಘದವರಿಗೆ ಬೇಕಾದ್ದು ಸ್ಪಷ್ಟವಾಗಿದೆ. ಕಾಂಕ್ರೀಟ್ ಕೊರೆಯುವ ಮಷಿನ್ನಿನ ಬಾಡಿಗೆ, ಗುಂಡಿಗೆ ಕೆಂಪು ಮಣ್ಣು, ಗಿಡಕ್ಕೇ ಮೀಸಲಾದ ಎರಡು ಡ್ರಮ್ಮು, ಮೂರು ಬೇಸಿಗೆ ನೀರು ಹಾಕುವ ಇಬ್ಬರಿಗೆ ಸಂಬಳ. ಗುಲ್‌ಮೊಹರ್ ಬೇಡವಂತೆ, ಗಾಳಿಗೆ ಕೊಂಬೆ ಮುರಿದು ಶೀಟು ಒಡೆಯುತ್ತದೆ. ಅಗಲದ ತಿರುವುಗಳಿಗೆ ಹೊಂಗೆ, ಬೇವು. ಗಲ್ಲಿಗೆ ನುಗ್ಗೆ, ಕರಿಬೇವು. ಕೊಂಬೆ ಕರೆಂಟ್ ತಂತಿಗೆ ತಾಗಿದಾಗ ಸವರಲು ಯಾರಾದರೂ ಬರಬೇಕು. ಬಾರದಿದ್ದರೆ ಮನೆಯವರೇ ಬುಡಕ್ಕೆ ಮಚ್ಚು ಹಾಕುತ್ತಾರೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದ ಮೇಲೆ ಇದನ್ನೆಲ್ಲ ಯಾವ ಕಚೇರಿಯಲ್ಲಿ ಕೇಳಬೇಕೆಂಬುದು ಸಂಘದವರಿಗೆ ಯಾರೂ ತಿಳಿಸಿಲ್ಲ. ಅರ್ಜಿಯನ್ನಂತೂ ನೋಟ್‌ಬುಕ್ ಹಾಳೆಯಲ್ಲಿ ಬರೆದಿಟ್ಟಿದ್ದಾರೆ, ಸಹಿಗಳೂ ಆಗಿವೆ.