ದಾಳದ ತೀರ್ಪಿಗೆ ಮೇಲ್ಮನವಿ ಉಂಟೇ?

ಕಳೆದ ಡಿಸೆಂಬರ್‌ನಲ್ಲಿ ಕೆನಡಾದಿಂದ ರಜೆಗೆ ಬಂದಿದ್ದ ಮಗಳು ತನ್ನ ಕಾಲೇಜು ದಿನಗಳ ಮೂವರು ಗೆಳೆಯರನ್ನು ಊಟಕ್ಕೆ ಕರೆದಿದ್ದಳು. ಊಟವಾದ ಮೇಲೆ ಅವರೆಲ್ಲ ತಾರಸಿಗೆ ಹೋದರು. ಸ್ವಲ್ಪ ಹೊತ್ತಿಗೆ ಏರಿದ ದನಿಗಳು ಕೆಳಗೆ ಕೇಳಿಸತೊಡಗಿದವು. 'ಬಿದ್ದವನನ್ನು ಕೊಲ್ಲುವ ಅಗತ್ಯವೇ ಇರಲಿಲ್ಲ' ಎಂದು ಒಬ್ಬ ಹೇಳಿದರೆ, 'ಬಲ ಸಾಲದೆ ಹೊಂಚು ಹಾಕಿದ್ದೇ ತಪ್ಪು' ಎಂದು ಇನ್ನೊಬ್ಬಳು. 'ಯಾರೇ ಆಗಲಿ, ನಿಯಮ ಎಂದರೆ ನಿಯಮ' ಎಂದು ನನ್ನ ಮಗಳು. ಪರಿಚಯದವರಲ್ಲಿ ಯಾರಿಗೋ ಅನಾಹುತವಾಗಿದೆ ಎಂದು ಗಾಬರಿಯಿಂದ ಮೆಟ್ಟಿಲು ಹತ್ತಿದೆ. ಸತ್ತವನ ಹೆಸರು ಮಾಲಿಮಾಕ್ ಟೀಲೀಫ್ ಎಂದು ತಿಳಿಯಿತು. ಅವನು ಸತ್ತದ್ದು 2018ರ ಜುಲೈನಲ್ಲಿ. ಅದಕ್ಕಿಂತ ಹೆಚ್ಚಾಗಿ, ಅವನು ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಮಾಲಿಮಾಕ್ ಒಂದು ಆಟದ ಪಾತ್ರ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಂಠದಾನವನ್ನೇ ವೃತ್ತಿಯಾಗಿಸಿಕೊಂಡ ಕೆಲವು ಗೆಳೆಯರು ಮೇಜಿನ ಸುತ್ತ ಕುಳಿತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಆಡುತ್ತಾರೆ. ಅದನ್ನೇ 2015ರ ಮಾರ್ಚ್‌ನಿಂದ 'ಕ್ರಿಟಿಕಲ್ ರೋಲ್' ಎಂಬ ಹೆಸರಿನಲ್ಲಿ ಬಿತ್ತರಿಸುತ್ತ ಬಂದಿದ್ದಾರೆ. ನೋಡುವವರಿಗೆ ಅದು ದೃಶ್ಯ, ಕೇಳುವವರಿಗೆ ಪಾಡ್‌ಕಾಸ್ಟ್. ಒಂದೊಂದು ಕಂತೂ ಮೂರು ನಾಲ್ಕು ಗಂಟೆ ನಡೆಯುತ್ತದೆ. ಮೊದಲ ಕಥಾಸರಣಿ 115 ಕಂತುಗಳಾಗಿ 2017ರಲ್ಲಿ ಮುಗಿಯಿತು. ಎರಡನೆಯದು 2018ರ ಜನವರಿಯಿಂದ 2021ರ ಜೂನ್‌ವರೆಗೆ 141 ಕಂತುಗಳಷ್ಟು ಬೆಳೆಯಿತು. ತಮ್ಮ ಕಥೆಯನ್ನು ಅನಿಮೇಷನ್ ಚಿತ್ರವಾಗಿಸಲು 2019ರಲ್ಲಿ ಅವರು ಸಾರ್ವಜನಿಕರಿಂದ 7.5 ಲಕ್ಷ ಡಾಲರ್ ನೆರವು ಕೋರಿದಾಗ 88 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 1.13 ಕೋಟಿ ಡಾಲರ್ ಕೊಟ್ಟರು. ಇದನ್ನು ಕೆಲವು ಹುಡುಗರ ಕಾಲಹರಣ ಎಂದು ತಳ್ಳಿಹಾಕುವಂತಿಲ್ಲ.

ಆಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪಟ್ಟಣದಿಂದ 1974ರಲ್ಲಿ ಪ್ರಕಟವಾಯಿತು. ಮೊದಲ ಮುದ್ರಣ ಕೇವಲ ಒಂದು ಸಾವಿರ ಪ್ರತಿ. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ಧರಿಸಿ ಅದರ ಮಾತನ್ನು ಸ್ಥಳದಲ್ಲೇ ಕಟ್ಟುತ್ತಾನೆ. ಒಬ್ಬರು ಮಾತ್ರ ಸೂತ್ರಧಾರರು. ಅವರಿಗೆ 'ಡಂಜನ್ ಮಾಸ್ಟರ್' ಎಂದು ಹೆಸರು. ಊರು, ಕಾಡು, ಶತ್ರು, ಹವಾಮಾನ ಎಲ್ಲವೂ ಅವರ ಬಾಯಿಂದಲೇ ಮೂಡಬೇಕು. ಫಲಿತಾಂಶ ಸಂದೇಹಾಸ್ಪದವಾದಾಗ 20 ಮುಖಗಳ ದಾಳ ಉರುಳುತ್ತದೆ. ಪೆಟ್ಟು ತಿಂದು ಪ್ರಾಣಬಲ ಸೊನ್ನೆಗೆ ಇಳಿದವನು ಕೂಡಲೇ ಸಾಯುವುದಿಲ್ಲ. ತನ್ನ ಸರದಿ ಬಂದಾಗಲೆಲ್ಲ ಅವನು ದಾಳ ಹಾಕುತ್ತಾನೆ. ಹತ್ತು ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಿಗೆ ಪ್ರಾಣ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. ಹೀಗೆ ಬಿದ್ದವನನ್ನು ಹತ್ತಿರದಲ್ಲಿ ನಿಂತು ಯಾರಾದರೂ ಇರಿದರೆ ಒಂದೇ ಏಟಿಗೆ ಎರಡು ಸೋಲು ಲೆಕ್ಕಕ್ಕೆ ಬರುತ್ತದೆ.

ತಾರಸಿಯ ವಾಗ್ವಾದಕ್ಕೆ ಕಾರಣವಾದ ಕದನ ಎರಡನೆಯ ಸರಣಿಯ 26ನೆಯ ಕಂತಿನದು. ಮಾಲಿಮಾಕ್ ಕೊಂಬುಳ್ಳ, ನೇರಳೆ ಮೈಬಣ್ಣದ, ಸರ್ಕಸ್ಸಿನಲ್ಲಿ ಕಣಿ ಹೇಳುತ್ತಿದ್ದ ವಿನೋದಿ. ಅವನ ತಂಡದ ಮೂವರನ್ನು ಗುಲಾಮರ ವ್ಯಾಪಾರಿಗಳು ಅಪಹರಿಸಿದ್ದರು. ಆ ಪಾತ್ರಗಳ ಮೂವರು ಕಲಾವಿದರು ಬಾಣಂತನ, ಬೇರೆಡೆಯ ಚಿತ್ರೀಕರಣ ಮುಂತಾದ ಕಾರಣಗಳಿಂದ ಆಟಕ್ಕೆ ಬರುವಂತಿರಲಿಲ್ಲವಾದ್ದರಿಂದ ಕಥೆಯಲ್ಲಿ ಈ ಅಪಹರಣ ಬಂದಿತ್ತು. ಅಪಹೃತರಲ್ಲಿ ಗಾಯ ಮಾಯಿಸುವ ಶಕ್ತಿಯಿದ್ದವಳೂ ಒಬ್ಬಳು. ಉಳಿದವರು ಅತಿಥಿ ಆಟಗಾರ್ತಿಯೊಬ್ಬರ ಜೊತೆ ಸೇರಿ ದಾರಿಯಲ್ಲಿ ಹೊಂಚು ಹಾಕಿದರು. ಲೆಕ್ಕ ತಪ್ಪಿತು. ಮಾಲಿಮಾಕ್ ತನ್ನ ರಕ್ತವನ್ನೇ ಪಣಕ್ಕಿಟ್ಟು ಶತ್ರುವಿಗೆ ಶಾಪ ಹಾಕುವ ವಿದ್ಯೆಯನ್ನು ಪ್ರಯೋಗಿಸಿದ. ಆ ರಕ್ತನಷ್ಟದಿಂದ ತಾನೇ ಪ್ರಜ್ಞೆ ತಪ್ಪಿ ಬಿದ್ದ. ವ್ಯಾಪಾರಿಗಳ ನಾಯಕ ಲೊರೆಂಜೊ ಅವನ ಎದೆಗೆ ಉದ್ದ ಹಿಡಿಯ ಕತ್ತಿಯನ್ನು ಇಳಿಸಿ, ಉಳಿದವರನ್ನು ಹಾಗೆಯೇ ಬಿಟ್ಟು ಹೊರಟುಹೋದ. ರಕ್ತದ ಈ ವಿದ್ಯೆಯುಳ್ಳ ಯೋಧವರ್ಗವನ್ನು ಆಟಕ್ಕೆಂದು ರೂಪಿಸಿಕೊಟ್ಟವರು ಸೂತ್ರಧಾರ ಮ್ಯಾಥ್ಯೂ ಮರ್ಸರ್ ಅವರೇ ಎಂಬುದು ಇಲ್ಲಿನ ವಿಪರ್ಯಾಸ.

ಏಳೆಂಟು ವರ್ಷ ಕಳೆದರೂ ಅಭಿಮಾನಿಗಳಲ್ಲಿ ಈ ಪ್ರಕರಣ ಮುಗಿದಿಲ್ಲ. ಅವರಲ್ಲಿ ಸ್ಥೂಲವಾಗಿ ಮೂರು ಪಕ್ಷಗಳಿವೆ. ಬಲಾಬಲ ತಿಳಿಯದೆ ಮೇಲೆ ಬಿದ್ದ ತಂಡದ್ದೇ ತಪ್ಪು ಎನ್ನುವವರು ಮೊದಲನೆಯವರು. ಸೂತ್ರಧಾರರು ಮನಸ್ಸು ಮಾಡಿದ್ದರೆ ಅವನನ್ನು ಸೆರೆ ಹಿಡಿಸಬಹುದಿತ್ತು ಎನ್ನುವವರು ಎರಡನೆಯವರು. ಸಾವಿನ ಭಯವೇ ಇಲ್ಲದಿದ್ದರೆ ಗೆಲುವಿಗೇನು ಬೆಲೆ ಎಂದು ಕೇಳುವವರು ಮೂರನೆಯವರು. ಪ್ರತಿಯೊಬ್ಬರೂ ಕಂತಿನ ಮಾತನ್ನೂ ನಿಯಮಪುಸ್ತಕದ ವಾಕ್ಯವನ್ನೂ ಮುಂದಿಟ್ಟೇ ವಾದಿಸುತ್ತಾರೆ. ಈ ಚರ್ಚೆಗಳು ಯಾವಾಗಲೂ ಸಭ್ಯವಾಗಿರುತ್ತವೆ ಎಂದಲ್ಲ. ಪಾತ್ರದ ತಪ್ಪಿಗೆ ಕಲಾವಿದರನ್ನು ನಿಂದಿಸುವವರೂ ಇದ್ದಾರೆ. ಆದರೆ ಅಂದು ತಾರಸಿಯಲ್ಲಿ ನಾನು ಕೇಳಿದ ವಾದಕ್ಕೆ ದಾಖಲೆಯ ಆಧಾರವಿತ್ತು, ಎದುರು ಪಕ್ಷದ ಮಾತಿಗೆ ಕಿವಿಯಿತ್ತು. ನಾನು ಕುಳಿತಿದ್ದ ಎಷ್ಟೋ ಸರ್ಕಾರಿ ಸಭೆಗಳಲ್ಲಿ ಇವೆರಡೂ ಇರುತ್ತಿರಲಿಲ್ಲ.

ನಮಗೆ ಇದು ಪೂರ್ತಿ ಅಪರಿಚಿತವೂ ಅಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಆಶುವಾಗಿ ಅರ್ಥ ಹೇಳುವ ತಾಳಮದ್ದಳೆಯನ್ನು ಕರಾವಳಿಯಲ್ಲಿ ಸೇವೆಯಲ್ಲಿದ್ದಾಗ ರಾತ್ರಿಯಿಡೀ ಕೇಳಿದ್ದೇನೆ. ವಾಲಿಯ ಪ್ರಶ್ನೆಗೆ ರಾಮನ ಉತ್ತರ ಸಾಕಾಯಿತೇ ಎಂದು ಮರುದಿನ ಕಚೇರಿಯ ಗುಮಾಸ್ತರು ವಾದಿಸುತ್ತಿದ್ದುದು ನೆನಪಿದೆ. ಆದರೆ ಅಲ್ಲಿ ವಾಲಿ ಸಾಯುವುದು ಮೊದಲೇ ಗೊತ್ತು; ಹೇಗೆ ಮಾತಾಡಿ ಸಾಯುತ್ತಾನೆ ಎಂಬುದಷ್ಟೇ ಕುತೂಹಲ. ಇಲ್ಲಿ ಸಾಯುವವನಿಗೂ ಸಾಯಿಸುವವನಿಗೂ ಮೊದಲೇ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಇಲ್ಲಿ 'ಹೀಗೇ ಆಗಬೇಕಿತ್ತೇ' ಎಂಬ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆ ಪರಿಚಿತ. ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1977ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ನಿಯಮ ಮೇಲೋ ವಿವೇಚನೆ ಮೇಲೋ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅವರು ಕೊಟ್ಟ ಒಂದು ಉದಾಹರಣೆ ಸರಳವಾಗಿದೆ. ನೆರೆಯ ಬಯಲಿನಲ್ಲಿ ಮನೆ ಕಟ್ಟಿದರೆ ರಕ್ಷಣೆಗೆ ಒಡ್ಡು ಕಟ್ಟಿಕೊಡುವುದಿಲ್ಲ ಎಂದು ಸರ್ಕಾರ ಹೇಳುತ್ತದೆ. ಜನ ಕಟ್ಟಿಯೇಬಿಟ್ಟರೆ ಅವರನ್ನು ಮುಳುಗಲು ಬಿಡುವುದು ಸಾಧ್ಯವೇ? ಒಡ್ಡು ಕಟ್ಟಲೇಬೇಕಾಗುತ್ತದೆ. ಹಾಗೆ ಕಟ್ಟುತ್ತದೆ ಎಂದು ಮೊದಲೇ ತಿಳಿದಿರುವುದರಿಂದಲೇ ಜನ ಅಲ್ಲಿ ಮನೆ ಕಟ್ಟುತ್ತಾರೆ. ಆಯಾ ಗಳಿಗೆಯ ದಯೆ ಒಟ್ಟಾರೆ ಹಾನಿಗೆ ಕಾರಣವಾಗಬಹುದು ಎಂಬುದು ಇದರ ತಾತ್ಪರ್ಯ. ಒಮ್ಮೆ ಪಾತ್ರವನ್ನು ಉಳಿಸಿದ ಸೂತ್ರಧಾರರ ಮುಂದಿನ ಬೆದರಿಕೆಯನ್ನು ಯಾರೂ ನಂಬುವುದಿಲ್ಲ ಎನ್ನುವ ಮೂರನೆಯ ಪಕ್ಷದವರು ಹೇಳುತ್ತಿರುವುದೂ ಇದನ್ನೇ.

ಈ ಆಟದ ಪೂರ್ವಜರ ಮನೆಯಲ್ಲಿಯೂ ಇದೇ ಜಗಳ ನಡೆದಿತ್ತು. ಪ್ರಷ್ಯಾದ ಸೇನೆ 1824ರಿಂದ ತನ್ನ ಅಧಿಕಾರಿಗಳ ತರಬೇತಿಗೆ ನಕ್ಷೆ ಮತ್ತು ದಾಳಗಳ 'ಕ್ರೀಗ್ಸ್‌ಪೀಲ್' ಎಂಬ ಯುದ್ಧದಾಟವನ್ನು ಬಳಸಿತು. ರೈಸ್‌ವಿಟ್ಸ್ ಎಂಬ ಅಧಿಕಾರಿ ರೂಪಿಸಿದ ಆ ಆಟದಲ್ಲಿ ಪ್ರತಿ ಹೊಡೆತದ ಫಲವನ್ನೂ ಕೋಷ್ಟಕ ನೋಡಿ ನಿರ್ಧರಿಸಬೇಕಿತ್ತು. ಅರ್ಧ ಶತಮಾನದ ಅನಂತರ, 1876ರಲ್ಲಿ, ವೆರ್ಡಿ ಡು ವೆರ್ನ್ವಾ ಎಂಬ ಸೇನಾನಿ ಕೋಷ್ಟಕಗಳ ಹೊರೆಯನ್ನು ಕಳಚಿ, ಅನುಭವಿ ತೀರ್ಪುಗಾರನ ವಿವೇಚನೆಗೇ ಬಿಡುವ ಪದ್ಧತಿಯನ್ನು ಪ್ರತಿಪಾದಿಸಿದರು. ಎರಡೂ ಪದ್ಧತಿಗಳ ರಕ್ತ ಇಂದಿನ ಆಟದಲ್ಲಿ ಹರಿಯುತ್ತಿದೆ.

ನಾನು ಮಗಳ ಪಕ್ಷ ವಹಿಸಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದವನು ಇನ್ನೇನು ಹೇಳಿಯಾನು? ಆಗ ಎರಡನೆಯ ಪಕ್ಷದ ಯುವಕ ಶಾಂತವಾಗಿ ಒಂದು ಮಾತು ಹೇಳಿದ: 'ಅಂಕಲ್, ಇರಿದರೆ ಎಷ್ಟು ಸೋಲು ಎಂದು ನಿಯಮ ಹೇಳುತ್ತದೆ. ಇರಿಯಲೇಬೇಕು ಎಂದು ಎಲ್ಲಿ ಹೇಳುತ್ತದೆ?' ನನ್ನಲ್ಲಿ ಉತ್ತರವಿರಲಿಲ್ಲ. ಬಿದ್ದವನನ್ನು ಲೊರೆಂಜೊ ಇರಿಯುವುದು ದಾಳದ ತೀರ್ಪಲ್ಲ, ಸೂತ್ರಧಾರರ ತೀರ್ಮಾನ. ಅಂಥ ಕ್ರೂರಿ ಹಾಗೆಯೇ ನಡೆದುಕೊಳ್ಳುತ್ತಾನೆ ಎಂಬುದು ಅದಕ್ಕೆ ಸಮರ್ಥನೆಯಾಗಬಹುದು. ಆದರೂ ಅದು ವಿವೇಚನೆಯೇ ಹೊರತು ನಿಯಮವಲ್ಲ.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಉಪವಿಭಾಗವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಬೆಳೆನಷ್ಟದ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ಗಡುವು ಮುಗಿದು ಮೂರು ದಿನಗಳ ಮೇಲೆ ಒಬ್ಬ ವಯಸ್ಸಾದ ಹೆಂಗಸು ಬಂದಳು. ಮಗ ಆಸ್ಪತ್ರೆಯಲ್ಲಿದ್ದನಂತೆ. ಪಹಣಿಯ ಪ್ರತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. 'ನಿಯಮದಲ್ಲಿ ಅವಕಾಶ ಇಲ್ಲಮ್ಮ' ಎಂದೆ. ಅದು ನಿಜವಾಗಿರಲಿಲ್ಲ. ಸೂಕ್ತ ಕಾರಣಗಳನ್ನು ದಾಖಲಿಸಿ ವಿಳಂಬವನ್ನು ಮನ್ನಿಸಬಹುದು ಎಂಬ ಕಂಡಿಕೆ ಆದೇಶದಲ್ಲೇ ಇತ್ತು. ಹಿಂದಿನ ವರ್ಷ ಅದೇ ಕಂಡಿಕೆಯಡಿ ಒಬ್ಬನಿಗೆ ಅವಕಾಶ ಕೊಟ್ಟಾಗ ಮರುವಾರ ಕಚೇರಿಯ ಮುಂದೆ ಜಾತ್ರೆಯೇ ನೆರೆದಿತ್ತು. ಆಗ ಸೇರಿದ ಸುಳ್ಳು ಅರ್ಜಿಗಳಿಂದಾಗಿ ಲೆಕ್ಕಪರಿಶೋಧನೆಯ ಆಕ್ಷೇಪ ಬಂದು, ನಿಜವಾದ ಫಲಾನುಭವಿಗಳ ಹಣವೂ ತಿಂಗಳುಗಟ್ಟಲೆ ತಡೆಯಾಗಿತ್ತು. ನಾನು ನಿರಾಕರಿಸಿದ್ದಕ್ಕೆ ಕಾರಣವಿರಲಿಲ್ಲವೆಂದಲ್ಲ. ಆದರೆ ಆ ಕಾರಣವನ್ನು ಅವಳಿಗೆ ಹೇಳಲಿಲ್ಲ, ಕಡತದಲ್ಲಿಯೂ ಬರೆಯಲಿಲ್ಲ. ನನ್ನ ತೀರ್ಮಾನವನ್ನು ನಿಯಮದ ತಲೆಗೆ ಕಟ್ಟಿ ಕೈತೊಳೆದುಕೊಂಡೆ. ಅವಳು ಮತ್ತೆ ವಾದಿಸದೆ ಪಹಣಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಆಟಕ್ಕೆ ಕೂತವರು ಸಾಯಬಹುದು ಎಂದು ಗೊತ್ತಿದ್ದೇ ಕೂತಿರುತ್ತಾರೆ. ನಿಮ್ಮ ಕಚೇರಿಗೆ ಬಂದವಳು ಆಟಕ್ಕೆ ಬಂದವಳಲ್ಲವಲ್ಲ' ಎಂದಳು. ಅವಳ ಮಾತಿನಲ್ಲಿ ನನ್ನ ಪಠ್ಯಪುಸ್ತಕಗಳಲ್ಲಿ ಇಲ್ಲದ ತಿರುಳಿತ್ತು. ಸ್ವಇಚ್ಛೆಯಿಂದ ಒಪ್ಪಿ ಒಳಬಂದವರ ಮೇಲೆ ನಿಯಮ ಕಠೋರವಾಗಿದ್ದರೆ ಅದಕ್ಕೊಂದು ನ್ಯಾಯವಿದೆ. ಮಳೆಯನ್ನಾಗಲಿ ಗಡುವನ್ನಾಗಲಿ ಆರಿಸಿಕೊಳ್ಳದವರ ಮೇಲೆ ಅದೇ ಕಠೋರತೆಯನ್ನು ಹೇರುವ ಮುನ್ನ ಅಧಿಕಾರಸ್ಥ ಎರಡು ಬಾರಿ ಯೋಚಿಸಬೇಕು.

ಇನ್ನೊಂದು ವ್ಯತ್ಯಾಸವೂ ಉಂಟು. ಮರ್ಸರ್ ಅವರ ತೀರ್ಮಾನ ಎಲ್ಲರ ಕಣ್ಣೆದುರು ನಡೆಯಿತು. ಇಂದಿಗೂ ಯಾರು ಬೇಕಾದರೂ ಆ ಕಂತನ್ನು ಮತ್ತೆ ಕೇಳಿ ಸರಿ ತಪ್ಪು ನಿರ್ಣಯಿಸಬಹುದು. ಅಭಿಮಾನಿಗಳ ಮುಗಿಯದ ವಾದ ಒಂದು ಬಗೆಯ ಮೇಲ್ಮನವಿಯೇ. ಅದರಿಂದ ಸತ್ತವನು ಏಳುವುದಿಲ್ಲ. ಆದರೆ ಮುಂದಿನ ತೀರ್ಮಾನ ಮಾಡುವವರು ತಮ್ಮನ್ನು ಕೇಳುವವರಿದ್ದಾರೆ ಎಂಬ ಎಚ್ಚರದಲ್ಲಿರುತ್ತಾರೆ. ಆ ಹೆಂಗಸಿನ ಪ್ರಕರಣದಲ್ಲಿ ಮೇಲ್ಮನವಿ ಸಲ್ಲಿಸಲು ಆದೇಶವೇ ಇರಲಿಲ್ಲ. ಬಾಯಿಮಾತಿನಲ್ಲಿ ಮುಗಿದ ವಿಷಯಕ್ಕೆ ದಾಖಲೆ ಎಲ್ಲಿಯದು?

ನಿಯಮ ಬೇಕು, ವಿವೇಚನೆಯೂ ಬೇಕು. ಆಡಳಿತದಲ್ಲಿ ಎರಡನ್ನೂ ಬಿಡುವಂತಿಲ್ಲ. ಆದರೆ ವಿವೇಚನೆಯನ್ನು ಬಳಸಿದವನು, ಇಲ್ಲವೇ ಬಳಸಲು ನಿರಾಕರಿಸಿದವನು, ಅದು ತನ್ನದೆಂದು ಒಪ್ಪಿ ಕಾರಣ ಬರೆದು ಕೆಳಗೆ ಸಹಿ ಹಾಕಬೇಕು. ಕಾರಣಸಹಿತ ಆದೇಶ ಎಂದು ನಾವು ತರಬೇತಿಯಲ್ಲಿ ಕಲಿತದ್ದು ಇದನ್ನೇ. ಈಗ ಅರ್ಜಿಗಳನ್ನು ಗಣಕಯಂತ್ರಗಳೇ ಸ್ವೀಕರಿಸಿ ತಿರಸ್ಕರಿಸುವ ಕಾಲ ಬಂದಿದೆ. 'ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ' ಎಂಬ ಮಾತು 'ನಿಯಮದಲ್ಲಿ ಅವಕಾಶ ಇಲ್ಲ' ಎಂಬುದರ ಜಾಗಕ್ಕೆ ಬಂದು ಕುಳಿತಿದೆ. ಕೌಂಟರಿನ ಆಚೆ ನಿಂತವರು ಆ ತಾರಸಿಯ ಯುವಕನ ಪ್ರಶ್ನೆಯನ್ನೇ ಕೇಳುವುದು ಒಳ್ಳೆಯದು: ನಿಯಮ ನಿಜವಾಗಿಯೂ ಹಾಗೆ ಹೇಳುತ್ತದೆಯೇ, ಅಥವಾ ಯಾರೋ ಹಾಗೆ ತೀರ್ಮಾನಿಸಿದ್ದಾರೆಯೇ?