ಲೀಡ್ ಗಿಟಾರ್: ವೇಗಕ್ಕಿಂತ ಮೊದಲು ಶ್ರುತಿ

ಹೊರನಾಡಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಗಿಟಾರ್ ಕಲಿಯುವವರು ಅನೇಕರು. ಹಾಡಿಗೆ ಹಿನ್ನೆಲೆಯಾಗಿ ಕಾರ್ಡ್‌ಗಳನ್ನು ನುಡಿಸಲು ಬಂದ ಮೇಲೆ ಅವರ ಮನಸ್ಸು ಸಹಜವಾಗಿಯೇ ಲೀಡ್ ಗಿಟಾರಿನತ್ತ ಹೊರಳುತ್ತದೆ. ಒಂದೊಂದೇ ಸ್ವರವನ್ನು ಪೋಣಿಸುತ್ತ ಗಾಯಕನಂತೆ ಹಾಡುವ ವಾದನವೇ ಲೀಡ್. ಈ ಹಂತದಲ್ಲಿ ಕೆಲವರು ವೇಗದ ಬೆನ್ನುಹತ್ತಿ, ಕೈ ನೋಯಿಸಿಕೊಂಡು, ಕೊನೆಗೆ ವಾದ್ಯವನ್ನೇ ಮೂಲೆಗಿಡುವುದುಂಟು. ಪ್ರೌಢ ವಾದನಕ್ಕೆ ಮೊದಲು ಪಳಗಬೇಕಾದದ್ದು ಕಿವಿ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಲೀಡ್ ವಾದನದ ಜೀವಾಳ 'ಬೆಂಡಿಂಗ್'. ಒತ್ತಿಹಿಡಿದ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದರ ಬಿಗಿತ ಹೆಚ್ಚಿ ಸ್ವರ ಮೇಲೇರುತ್ತದೆ. ವೀಣೆಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಇಪ್ಪತ್ತನಾಲ್ಕು ಮೆಟ್ಟಿಲುಗಳ ವೀಣೆಯಲ್ಲಿಯೂ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಗಮಕಗಳನ್ನು ಹೊರಡಿಸುತ್ತಾರೆ. ತಮಿಳುನಾಡಿನ ಗಿಟಾರ್ ಪ್ರಸನ್ನ ಅವರು ಎಲೆಕ್ಟ್ರಿಕ್ ಗಿಟಾರಿನಲ್ಲಿಯೇ ಕರ್ನಾಟಕ ಸಂಗೀತದ ಕಛೇರಿ ನಡೆಸಿ ಈ ನಂಟನ್ನು ತೋರಿಸಿಕೊಟ್ಟಿದ್ದಾರೆ.

ಎಳೆದ ಸ್ವರ ಸರಿಯಾದ ಸ್ಥಾನವನ್ನು ಮುಟ್ಟದಿದ್ದರೆ ಅದು ಅಪಸ್ವರವೇ. ಇದಕ್ಕೊಂದು ಸರಳ ಸಾಧನೆಯಿದೆ. ಎರಡನೆಯ ತಂತಿಯ ಹತ್ತನೆಯ ಫ್ರೆಟ್‌ನಲ್ಲಿ ಸ್ವರವನ್ನು ನುಡಿಸಿ, ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಬಳಿಕ ಎಂಟನೆಯ ಫ್ರೆಟ್‌ನಲ್ಲಿ ಅದೇ ತಂತಿಯನ್ನು ಎಳೆದು ಆ ಸ್ವರವನ್ನೇ ಮುಟ್ಟಬೇಕು. ಉಂಗುರದ ಬೆರಳು ತಂತಿಯನ್ನು ಒತ್ತಿದಾಗ ಅದರ ಹಿಂದೆ ಮಧ್ಯದ ಬೆರಳು, ತೋರುಬೆರಳುಗಳೂ ಆಸರೆಯಾಗಿರಲಿ. ಬಲವು ಮಣಿಕಟ್ಟಿನ ತಿರುವಿನಿಂದ ಬರಬೇಕು.

ಮುಂದಿನದು 'ವೈಬ್ರಾಟೋ', ಅಂದರೆ ನಿಂತ ಸ್ವರಕ್ಕೆ ಕೊಡುವ ಸಮಗತಿಯ ಕಂಪನ. ಅಮೆರಿಕದ ಬ್ಲೂಸ್ ವಾದಕ ಬಿ.ಬಿ. ಕಿಂಗ್ (1925–2015) ಅವರನ್ನು ಕೇಳುಗರು ಕೆಲವೇ ಸ್ವರಗಳಲ್ಲಿ ಗುರುತಿಸುತ್ತಿದ್ದುದು ಇಂತಹ ಕಂಪನದಿಂದಲೇ. ಕಂಪನವು ಅಳತೆ ತಪ್ಪಿದರೆ ಸ್ವರ ನಡುಗಿದಂತೆ ಕೇಳಿಸುತ್ತದೆ.

ಇವೆರಡು ಕೈವಶವಾದ ಮೇಲೆ ವೇಗದ ತಂತ್ರಗಳಿಗೆ ಬರಬಹುದು. ಮೀಟದೆಯೇ ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಸ್ವರ ಹುಟ್ಟಿಸುವುದು 'ಹ್ಯಾಮರ್ ಆನ್', ಬೆರಳನ್ನು ಸೆಳೆದು ಕೆಳಗಿನ ಸ್ವರಕ್ಕೆ ಇಳಿಯುವುದು 'ಪುಲ್ ಆಫ್'. ಬಲಗೈ ಬೆರಳನ್ನೂ ಫ್ರೆಟ್‌ಗಳ ಮೇಲೆ ತಂದು ಬಡಿಯುವುದು 'ಟ್ಯಾಪಿಂಗ್'. 1978ರಲ್ಲಿ 'ಇರಪ್ಷನ್' ಎಂಬ ಕೃತಿಯಲ್ಲಿ ಎಡ್ಡಿ ವ್ಯಾನ್ ಹೇಲನ್ (1955–2020) ಅದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಪ್ಲೆಕ್ಟ್ರಮ್ಮಿನಿಂದ ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ತಪ್ಪದೆ ಮೀಟುವ 'ಆಲ್ಟರ್ನೇಟ್ ಪಿಕಿಂಗ್' ಇನ್ನೊಂದು. ನುಡಿಸದ ತಂತಿಗಳು ಮೊರೆಯದಂತೆ ಅಂಗೈ ಅಂಚಿನಿಂದ ಅವನ್ನು ಸುಮ್ಮನಿರಿಸುವುದೂ ಅಷ್ಟೇ ಮುಖ್ಯ.

ಇವುಗಳನ್ನು ಮೆಟ್ರೊನೋಮ್ ಇಟ್ಟುಕೊಂಡು ನಿಮಿಷಕ್ಕೆ 60 ಬಡಿತಗಳಿಂದ ಆರಂಭಿಸುವುದು ಒಳಿತು. ಒಂದು ಪಲುಕು ಸತತವಾಗಿ ನಾಲ್ಕೈದು ಬಾರಿ ಸ್ವಚ್ಛವಾಗಿ ಬಂದರೆ ಮಾತ್ರ ನಾಲ್ಕು ಬಡಿತಗಳಷ್ಟು ಏರಿಸಬೇಕು. ವಾರಕ್ಕೊಮ್ಮೆ ಮೂರು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯ ಸಾಧನೆ ಹೆಚ್ಚು ಫಲ ಕೊಡುತ್ತದೆ. ತಿಂಗಳು ತಪ್ಪದೆ ಕಟ್ಟಿದ ಆರ್.ಡಿ. ಖಾತೆಯಂತೆ ಇದು ಸದ್ದಿಲ್ಲದೆ ಬೆಳೆಯುತ್ತದೆ.

ಬೆರಳ ತುದಿಯ ಉರಿ ಆರಂಭದಲ್ಲಿ ಸಹಜ. ಆದರೆ ಮಣಿಕಟ್ಟಿನಲ್ಲಿ ನೋವು, ಬೆರಳುಗಳಲ್ಲಿ ಜೋಮು ಕಂಡರೆ ಒಡನೆಯೇ ನಿಲ್ಲಿಸಬೇಕು; ಅದು ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ಅಕ್ಕಪಕ್ಕದ ಫ್ಲ್ಯಾಟಿನವರ ನೆಮ್ಮದಿಗೆ ಆಂಪ್ಲಿಫೈಯರಿಗೆ ಹೆಡ್‌ಫೋನ್ ಜೋಡಿಸಿದರಾಯಿತು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಎಲೆಕ್ಟ್ರಿಕ್ ಗಿಟಾರ್ ಎಂದೊಡನೆ ಗದ್ದಲವೆಂದು ಮುಖ ತಿರುಗಿಸದೆ, ವಾರಕ್ಕೊಮ್ಮೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಕೇಳಿರಿ. ಮೈಸೂರಿನ ವೀಣಾ ವಿದ್ವಾಂಸ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆಗಳನ್ನೂ ಅವರಿಗೆ ಕೇಳಿಸಿರಿ. ತಂತಿಯ ಮೇಲೆ ಸ್ವರವನ್ನು ಹೇಗೆ ನಿಲ್ಲಿಸಬೇಕೆಂಬ ಪಾಠ ಅಲ್ಲಿಯೂ ದೊರೆಯುತ್ತದೆ.