ಕಬ್ಬಿನ ಗಾಡಿಯ ಬೆನ್ನಿಗೊಂದು ಹಲಗೆ

ಕಾಗವಾಡದಿಂದ ಶೇಡಬಾಳದ ಕಡೆ ಹೋಗುವ ರಸ್ತೆಗೆ ಹೊಲದ ದಾರಿಯೊಂದು ಬಂದು ಕೂಡುವಲ್ಲಿ, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ನಿಂತಿತ್ತು. ಕಬ್ಬು ಕಡಿಯುವ ಗ್ಯಾಂಗಿನವರು ಹಗ್ಗ ಬಿಗಿದು ಮುಗಿಸಿದ್ದರು. ಇನ್ನೇನು ಹೊರಡಬೇಕು ಅನ್ನುವಾಗ ಚಾಲಕ ಕಾಕಾ ಸೀಟಿನ ಹಿಂದಿನಿಂದ ಒಂದು ಮರದ ಹಲಗೆ ಹೊರತೆಗೆದರು. ಎರಡೂ ತುದಿಗೆ ಹಳದಿ ದೀಪ, ಅವುಗಳ ಪಕ್ಕದಲ್ಲೇ ಕೆಂಪು ದೀಪ, ಅಂಚಿಗೆಲ್ಲ ಹೊಳೆಯುವ ಪಟ್ಟಿ. ಹಿಂದಿನ ಟ್ರೇಲರ್‌ನಿಂದ ಹೊರಚಾಚಿದ ಕಬ್ಬಿನ ತುದಿಗಳ ಮೇಲೆ ಅದನ್ನಿಟ್ಟು ಹಗ್ಗದಿಂದ ಕಟ್ಟಿದರು. ವೈರನ್ನು ಎರಡೂ ಟ್ರೇಲರ್‌ಗಳ ಉದ್ದಕ್ಕೆ ಎಳೆದು ಟ್ರ್ಯಾಕ್ಟರ್‌ಗೆ ಜೋಡಿಸಿದರು. ಜೊತೆಗಿದ್ದ ಹುಡುಗನನ್ನು ಹಿಂದೆ ನಿಲ್ಲಿಸಿ, ಎಡ, ಬಲ, ಬ್ರೇಕ್ ಮೂರನ್ನೂ ಹತ್ತಿಸಿ ನೋಡಿದರು. ಹುಡುಗ ಪ್ರತಿ ಸಲ ಕೈ ಎತ್ತಿದ ಮೇಲೇ ಅವರು ಸೀಟಿಗೇರಿದ್ದು.

“ಟ್ರೇಲರ್‌ಗ ದೀಪ ಐತ್ರಿ, ಇಲ್ಲಂತಲ್ಲ. ಕಬ್ಬು ಹೇರಿದ ಮ್ಯಾಲ ಅದು ಯಾರಿಗಿ ಕಾಣಸ್ತೈತಿ?” ಅಂದರು.

ಈ ಭಾಗದ ರಸ್ತೆಗಳನ್ನು ಬಲ್ಲವರಿಗೆ ಆ ಮಾತಿನ ತೂಕ ಗೊತ್ತು. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಕೃಷ್ಣೆಯ ಈ ದಂಡೆಗೆ ಕಬ್ಬೇ ಜೀವ. ಹಂಗಾಮು ಬಂತೆಂದರೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿ ಎಲ್ಲ ಒಂದೇ ರಸ್ತೆಗಿಳಿಯುತ್ತವೆ. ಅವುಗಳ ಬೆನ್ನಿಗೇ ಮಿರಜಿನ ಆಸ್ಪತ್ರೆಗೆ ಹೊರಟವರು, ಕಾಲೇಜಿನ ಹುಡುಗರು, ಕೆಎ 23ರ ಬೈಕು, ಎಂಎಚ್ 10ರ ಕಾರು. ಎಲ್ಲರಿಗೂ ಅವಸರ, ಮುಂದಿರುವ ಕಬ್ಬಿನ ಗಾಡಿಗೆ ಮಾತ್ರ ಅವಸರ ಮಾಡುವ ಶಕ್ತಿಯೇ ಇಲ್ಲ.

ಲೆಕ್ಕ ಹಾಕಿ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಹಿಂದಿನ ಬೈಕು 60ರಲ್ಲಿ ಬರುತ್ತಿದೆ ಅನ್ನೋಣ. ನಡುವಿನ 100 ಮೀಟರ್ ಅಂತರ ಒಂಬತ್ತು ಸೆಕೆಂಡ್ ತುಂಬುವುದರೊಳಗೆ ಮುಗಿದುಹೋಗುತ್ತದೆ. ಮುಂದಿನವ ನಿಧಾನ ಮಾಡುತ್ತಾನೋ, ಹೊರಳುತ್ತಾನೋ ಎಂಬುದು ಅಷ್ಟರೊಳಗೆ ಹಿಂದಿನವನಿಗೆ ತಿಳಿಯಬೇಕು. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಡಿಕ್ಕಿಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ಎಲ್ಲಕ್ಕಿಂತ ಹೆಚ್ಚಿದ್ದವು ಹಿಂದಿನಿಂದ ಗುದ್ದಿದ ಪ್ರಕರಣಗಳೇ, ಐದರಲ್ಲೊಂದಕ್ಕಿಂತ ಹೆಚ್ಚು.

ಕಾಕಾನ ಹಿಂದೆಯೇ ನಾನೂ ಬೈಕಿನಲ್ಲಿ ಹೊರಟೆ. ಕಾರ್ಖಾನೆಯ ದಾರಿಗೆ ಅವರು ಬಲಕ್ಕೆ ಹೊರಳಬೇಕಿತ್ತು. ತಿರುವು ಇನ್ನೂ ದೂರವಿರುವಾಗಲೇ ಅವರು ಎಡಕ್ಕೆ ಸರಿದು, ರಸ್ತೆಯ ಅಂಚಿಗೆ ನಿಲ್ಲಿಸಿಯೇ ಬಿಟ್ಟರು. ಬೆನ್ನಿಗೆ ಬಿದ್ದಿದ್ದ ಸಾಲು ಹಾರ್ನ್ ಹೊಡೆಯುತ್ತ ಮುಂದೆ ಹೋಯಿತು. ಹುಡುಗ ಕೆಂಪು ಬಟ್ಟೆ ಹಿಡಿದು ಹಿಂದಕ್ಕೆ ಓಡಿದ. ಬಲಗಡೆಯ ಹಳದಿ ದೀಪ ಮಿಣುಕತೊಡಗಿತು. ಎದುರಿನ ರಸ್ತೆ ಖಾಲಿಯಾದ ಮೇಲೆ ಗಾಡಿ ನಡಿಗೆಯ ವೇಗದಲ್ಲಿ ಹೊರಳಿತು. ಅಷ್ಟು ಉದ್ದದ ಗಾಡಿಯ ಕೊನೆಯ ಚಕ್ರ ರಸ್ತೆ ದಾಟಲು ಹದಿನೈದು ಇಪ್ಪತ್ತು ಸೆಕೆಂಡ್ ಬೇಕು. ಎದುರಿನಿಂದ 80 ಕಿ.ಮೀ. ವೇಗದಲ್ಲಿ ಬರುವ ಕಾರು ಅಷ್ಟರಲ್ಲಿ 330ರಿಂದ 440 ಮೀಟರ್ ಬಂದಿರುತ್ತದೆ. ಹೀಗಿರುವಾಗ ಹಾರ್ನಿನ ಒತ್ತಾಯಕ್ಕೆ ಹೊರಳುವುದು ಎಂಥ ಅಪಾಯ ಎಂದು ಹೇಳಬೇಕಾಗಿಲ್ಲ.

“ಹಿಂದಿನಾಂವ ಹಾರ್ನ್ ಹೊಡಿತಾನು, ಹೊಡೀಲಿ ಬಿಡ್ರಿ. ನಂಗ ತಿರುಗಾಕ ಎಷ್ಟ ಜಾಗಾ ಬೇಕು ಅವಂಗ ಗೊತ್ತಿಲ್ಲ. ನಂಗ ಗೊತ್ತೈತಿ,” ಅಂದರು ಕಾಕಾ, ಕಾರ್ಖಾನೆಯ ತೂಕದ ಕಾಟಾದ ಮುಂದಿನ ಸಾಲಿನಲ್ಲಿ ನಿಂತಾಗ.

ಆ ಹಲಗೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಹಿಂದಿನವನಿಗೆ ಮುಂಚಿತವಾಗಿ ಹೇಳುವ ಈ ಹಟ ಮೋಟಾರಿನಷ್ಟೇ ಹಳೆಯದು. ಪರ್ಸಿ ಡಗ್ಲಸ್-ಹ್ಯಾಮಿಲ್ಟನ್ ಎಂಬವನು 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಸಾಧನದ ದೀಪಗಳಿಗೆ ಮನುಷ್ಯರ ಕೈಯ ಆಕಾರವೇ ಇತ್ತು. ನನಗೆ ಅವನಿಗಿಂತ ಪ್ರಿಯಳಾದವಳು ಮೂಕಿಚಿತ್ರಗಳ ತಾರೆ ಫ್ಲಾರೆನ್ಸ್ ಲಾರೆನ್ಸ್. ಕಾರು ಓಡಿಸುವುದೆಂದರೆ ಪ್ರಾಣವಾಗಿದ್ದ ಆಕೆ 1914ರ ಹೊತ್ತಿಗೆ ತನ್ನ ಕಾರಿನ ಹಿಂಭಾಗಕ್ಕೆ ಒಂದು ತೋಳು ಕೂಡಿಸಿದಳು. ಗುಂಡಿ ಒತ್ತಿದರೆ ಅದು ರೈಲು ನಿಲ್ದಾಣದ ಕೈಮರದಂತೆ ಮೇಲೇರಿ, ಯಾವ ಕಡೆ ತಿರುವು ಎಂದು ತೋರಿಸುತ್ತಿತ್ತು. ಬ್ರೇಕ್ ತುಳಿದರೆ ‘ನಿಲ್ಲು’ ಎಂಬ ಫಲಕ ಎದ್ದು ನಿಲ್ಲುತ್ತಿತ್ತು. ಪೇಟೆಂಟ್ ಮಾಡಿಸಲಿಲ್ಲ, ಅದರಿಂದ ಆಕೆಗೆ ಹಣವೂ ಬರಲಿಲ್ಲ. ಕಾರ್ಖಾನೆಯಲ್ಲೇ ಜೋಡಿಸಿದ ಮಿಣುಕುವ ಇಂಡಿಕೇಟರ್ ಬ್ಯೂಕ್ ಕಾರಿನಲ್ಲಿ ಬಂದದ್ದು 1939ರಲ್ಲಿ, ಉಗಾರದ ಕಾರ್ಖಾನೆ ಹುಟ್ಟಿದ ವರ್ಷವೇ. ಯಾವ ಕಂಪನಿಯೂ ಮಾಡಿಕೊಡದ್ದನ್ನು ತಾನೇ ಕಟ್ಟಿಕೊಂಡ ಆ ನಟಿಗೂ ನಮ್ಮ ಕಾಕಾನಿಗೂ ಬಹಳ ದೂರವಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ನಮ್ಮಲ್ಲಿ 1989ರ ರಸ್ತೆ ನಿಯಮಾವಳಿ ಕೈಸನ್ನೆಗಳನ್ನು ಒಂದೊಂದಾಗಿ ವಿವರಿಸಿತ್ತು. ನಿಧಾನ ಮಾಡುವುದಿದ್ದರೆ ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಬೇಕು. ನಿಲ್ಲುವುದಿದ್ದರೆ ಮುಂಗೈ ನೇರ ಮೇಲಕ್ಕೆ. ಬಲಕ್ಕೆ ಹೊರಳಲು ತೋಳು ಅಡ್ಡ ಚಾಚಿ, ಅಂಗೈ ಮುಂದಕ್ಕೆ. ಎಡಕ್ಕಾದರೆ ಅದೇ ಬಲಗೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕು. ಚಾಲಕ ಬಲಗಡೆ ಕೂತಿರುತ್ತಾನೆ, ಎಡಗೈ ಹೊರಗೆ ಕಾಣುವುದಿಲ್ಲ ಎಂಬ ಲೆಕ್ಕಾಚಾರ ಅದರದು. ಟ್ರ್ಯಾಕ್ಟರ್‌ನವ ನಡುವೆ ಕೂತಿರುತ್ತಾನೆ, ಬೆನ್ನಿಗೆ ಕಬ್ಬಿನ ಗೋಡೆ. ಅವನು ಯಾವ ಕೈ ಚಾಚಿದರೂ ನೇರ ಹಿಂದಿನವನಿಗೆ ಕಾಣುವುದು ಕಷ್ಟ. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿತಾದರೂ ಈ ಗೋಡೆ ಹಾಗೇ ಇದೆ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬಲ ಇಂಡಿಕೇಟರ್‌ನ ಗೊಂದಲ. ಹೆದ್ದಾರಿಯ ಲಾರಿಗಳಲ್ಲಿ ಕೆಲವರು ಬಲ ದೀಪ ಹಾಕಿ ‘ಸೈಡ್ ಹೊಡಕೊಂಡು ಹೋಗು’ ಅನ್ನುತ್ತಾರೆ. ಇನ್ನು ಕೆಲವರು ಅದನ್ನೇ ಹಾಕಿ ‘ಎದುರಿಗೆ ಗಾಡಿ ಐತಿ, ಬರಬ್ಯಾಡ’ ಅನ್ನುತ್ತಾರೆ. ನಿಜಕ್ಕೂ ಬಲಕ್ಕೆ ಹೊರಳುವವನು ಹಾಕುವುದೂ ಅದನ್ನೇ. ಒಂದು ದೀಪ, ಮೂರು ಮಾತು. ಹಿಂದಿನವ ಮೊದಲನೆಯದೆಂದು ತಿಳಿದು ಬಲದಿಂದ ನುಗ್ಗುವ ಹೊತ್ತಿಗೆ ಮುಂದಿನವ ಹೊರಳಿರುತ್ತಾನೆ. ಇದನ್ನು ನಮ್ಮ ಚಾಲಕರ ಜಾಣ್ಮೆ ಎಂದು ಹೊಗಳುವವರನ್ನು ಕಂಡಿದ್ದೇನೆ, ನಾನು ಒಪ್ಪುವುದಿಲ್ಲ. ಇದು ಕೊಲ್ಲುವ ರೂಢಿ. ದಾರಿ ಬಿಟ್ಟುಕೊಡಲು 1989ರ ನಿಯಮಾವಳಿಯಲ್ಲೇ ಕೈಸನ್ನೆ ಇತ್ತು: ಬಲಗೈ ಚಾಚಿ ಹಿಂದೆ ಮುಂದೆ ಅರ್ಧವೃತ್ತದಲ್ಲಿ ಬೀಸುವುದು. ಎಡಕ್ಕೆ ಸರಿದು ವೇಗ ತಗ್ಗಿಸಿದರೂ ಆಯಿತು. ಕೂಡುರಸ್ತೆಯಲ್ಲಿ ನೇರ ಹೋಗಲು ನಾಲ್ಕೂ ದೀಪ ಮಿಣುಕಿಸುವ ಚಟವೂ ಹೀಗೇ. ಪಕ್ಕದಿಂದ ನೋಡುವವನಿಗೆ ಒಂದೇ ಬದಿಯ ದೀಪ ಕಂಡು, ಗಾಡಿ ತನ್ನ ಕಡೆಗೇ ತಿರುಗುತ್ತದೆ ಅನಿಸುತ್ತದೆ.

ಬೈಕು, ಕಾರಿನವರಿಗೂ ಕಾಕಾನಂತೆ ಮುಂಚಿತವಾಗಿ ತಿಳಿಸುವುದೇ ಸರಿ. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಬ್ರೇಕ್ ಕೊನೆಗೆ. ಬಹಳ ಜನ ಬ್ರೇಕ್ ಹಿಡಿದ ಮೇಲೆ ಇಂಡಿಕೇಟರ್ ಹಾಕುತ್ತಾರೆ, ಅಷ್ಟೊತ್ತಿಗೆ ಹಿಂದಿನವ ಹತ್ತಿರ ಬಂದಾಗಿರುತ್ತದೆ. ಗೇರ್ ಇಳಿಸಿ ವೇಗ ತಗ್ಗಿಸಿದರೆ ಬ್ರೇಕ್ ದೀಪ ಹತ್ತುವುದೇ ಇಲ್ಲ. ಆದ್ದರಿಂದ ಪೆಡಲನ್ನು ಎರಡು ಮೂರು ಸಲ ಹಗುರವಾಗಿ ಮುಟ್ಟಿ ಹಿಂದಿನವನನ್ನು ಎಚ್ಚರಿಸಬೇಕು. ಬಲಕ್ಕೆ ತಿರುಗಲು ನಡುಗೆರೆಯ ಬಳಿ ಕಾಯುವಾಗ ಮುಂದಿನ ಚಕ್ರ ನೇರವಾಗಿರಲಿ. ಚಕ್ರ ಮೊದಲೇ ತಿರುಗಿದ್ದರೆ, ಹಿಂದಿನಿಂದ ಗುದ್ದಿದಾಗ ಗಾಡಿ ನೇರ ಎದುರಿನ ವಾಹನದ ಬಾಯಿಗೆ ಹೋಗುತ್ತದೆ. ಬೆನ್ನಿಗೆ ಬಿದ್ದವ ಬಿಡುವ ಲಕ್ಷಣ ಕಾಣದಿದ್ದರೆ ತಿರುವನ್ನೇ ಬಿಟ್ಟು ಮುಂದೆ ಹೋಗಿ, ಎಡಕ್ಕೆ ನಿಂತು, ಸಾಲು ದಾಟಿದ ಮೇಲೆ ವಾಪಸ್ ಬನ್ನಿ. ಹೊರಳಿದ ಮೇಲೆ ದೀಪ ಆರಿಸಿ. ಹೆಚ್ಚಿನ ಬೈಕುಗಳಲ್ಲಿ ಅದು ತಾನಾಗಿ ಆರುವುದಿಲ್ಲ.

ಕಬ್ಬಿನ ಗಾಡಿಯ ಹಿಂದೆ ಬರುವ ಬೈಕಿನ ಹುಡುಗರಿಗೆ ಬೇರೆಯಾಗಿಯೇ ಒಂದು ಮಾತು. ಉದ್ದನೆಯ ಗಾಡಿ ಎಡಕ್ಕೆ ಹೊರಳುವ ಮುಂಚೆ ತುಸು ಬಲಕ್ಕೆ ಹೋಗುತ್ತದೆ, ಯಾಕೆಂದರೆ ಹಿಂದಿನ ಟ್ರೇಲರ್ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ಜಾಗ ಬಿಟ್ಟನೆಂದು ಅಲ್ಲಿ ನುಗ್ಗಿದವನು ಟ್ರೇಲರ್‌ಗೂ ಚರಂಡಿಗೂ ನಡುವೆ ಸಿಕ್ಕಿಬೀಳುತ್ತಾನೆ. ಅವನು ಅಲ್ಲಿರುವುದು ಚಾಲಕನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಕಾಟಾದಲ್ಲಿ ಕಬ್ಬಿನ ತೂಕ ನೋಡಿ ಚೀಟಿ ಕೊಡುತ್ತಾರೆ. ಆ ಸಾಲಿನಲ್ಲೇ, ಕಬ್ಬು ತುಂಬಿರುವಾಗಲೇ, ಒಬ್ಬರು ಗಾಡಿಯ ಹಿಂದೆ ನಿಂತು ಎಡ, ಬಲ, ಬ್ರೇಕ್ ಹತ್ತುತ್ತವೆಯೇ ಎಂದು ನೋಡಲಿ. ಖಾಲಿ ಟ್ರೇಲರ್‌ನ ದೀಪ ನೋಡಿ ಪ್ರಯೋಜನವಿಲ್ಲ. ಕಾಣದ ಗಾಡಿಗೆ ಮುಂದಿನ ಖೇಪಿನೊಳಗೆ ಇಂಥದ್ದೊಂದು ಹಲಗೆ ಕಟ್ಟಿಸಬಹುದು. ಬೇಕಾದದ್ದು ಒಂದು ತುಂಡು ಮರ, ನಾಲ್ಕು ದೀಪ, ಎರಡು ಟ್ರೇಲರ್ ಉದ್ದದ ವೈರು. ಹಂಗಾಮಿನ ಮೊದಲ ಗಾಡಿಯಿಂದಲೇ ಇದು ಶುರುವಾಗಲಿ.